ಹನಿ ರಕ್ತ, ಸರಿಯಾದ ಲೆಕ್ಕ

ಬೆಳಗಿನ ಪ್ರಾರ್ಥನೆ ಮುಗಿಯಿತು. ಮಕ್ಕಳು ತರಗತಿಗೆ ಬಂದು ಕುಳಿತರು. ಗುರುಗಳು ಹಾಜರಿ ಪುಸ್ತಕ ತೆಗೆದು ಒಬ್ಬೊಬ್ಬರ ಹೆಸರನ್ನು ಕರೆದರು. ಐದನೆಯ ತರಗತಿಯಲ್ಲಿ ನಾಲ್ವರು ಬಂದಿರಲಿಲ್ಲ. ಪಕ್ಕದ ಮೂರನೆಯ ತರಗತಿಯಲ್ಲಿಯೂ ನಾಲ್ವರು ಬಂದಿರಲಿಲ್ಲ.

"ಎರಡೂ ತರಗತಿಗಳಲ್ಲಿ ಗೈರುಹಾಜರಾದವರು ನಾಲ್ವರೇ. ಹಾಗಾದರೆ ಎರಡೂ ತರಗತಿಗಳ ಸ್ಥಿತಿ ಒಂದೇ ಅಲ್ಲವೇ?" ಎಂದು ಗುರುಗಳು ಕೇಳಿದರು.

ಒಬ್ಬ ಹುಡುಗಿ ಎದ್ದು ನಿಂತಳು. "ಅಲ್ಲ ಗುರುಗಳೇ. ನಮ್ಮ ತರಗತಿಯಲ್ಲಿ ನಲವತ್ತು ಮಂದಿ ಇದ್ದೇವೆ. ಮೂರನೆಯ ತರಗತಿಯಲ್ಲಿ ಇರುವವರೇ ಎಂಟು ಮಂದಿ. ಅಲ್ಲಿ ಅರ್ಧ ತರಗತಿಯೇ ಖಾಲಿಯಾಗಿದೆ" ಎಂದಳು.

"ಸರಿಯಾಗಿ ಹೇಳಿದೆ. ನಾಲ್ಕು ಎಂದರೆ ಸಾಲದು. ಎಷ್ಟು ಮಂದಿಯಲ್ಲಿ ನಾಲ್ಕು ಎಂದು ಹೇಳಬೇಕು. ಯಾವ ತರಗತಿ, ಯಾವ ದಿನ ಎಂಬುದನ್ನೂ ಬರೆಯಬೇಕು. ಆಗ ಮಾತ್ರ ಲೆಕ್ಕಕ್ಕೆ ಅರ್ಥ ಬರುತ್ತದೆ" ಎಂದರು ಗುರುಗಳು.

ಮಕ್ಕಳೇ, ಇದು ಹಾಜರಿ ಪುಸ್ತಕದ ಮಾತು ಮಾತ್ರವಲ್ಲ. ಲಕ್ಷಾಂತರ ಜನರ ಪ್ರಾಣ ತೆಗೆಯುವ ಒಂದು ರೋಗವನ್ನು ತಡೆಯಲು ವಿಜ್ಞಾನಿಗಳಿಗೂ ಇದೇ ನಿಯಮ ಬೇಕು. ಆ ರೋಗವೇ ಮಲೇರಿಯಾ. ಅದು ಹೇಗೆಂದು ಈಗ ತಿಳಿಯೋಣ.

ಚಳಿಜ್ವರ

ಮಲೇರಿಯಾವನ್ನು ನಮ್ಮ ಹಿರಿಯರು ಚಳಿಜ್ವರ ಎನ್ನುವರು. ಮೊದಲು ಮೈ ಗಡಗಡ ನಡುಗುತ್ತದೆ. ಎರಡು ಕಂಬಳಿ ಹೊದ್ದರೂ ಚಳಿ ಬಿಡುವುದಿಲ್ಲ. ನಂತರ ಜ್ವರ ಏರುತ್ತದೆ. ಆಮೇಲೆ ಮೈಯೆಲ್ಲ ಬೆವತು ಜ್ವರ ಇಳಿಯುತ್ತದೆ. ರೋಗಿಯು ಗುಣವಾಯಿತೆಂದು ತಿಳಿಯುತ್ತಾನೆ. ಆದರೆ ಜ್ವರವು ಮತ್ತೆ ಬರುತ್ತದೆ. ಅನೇಕರಿಗೆ ಅದು ದಿನ ಬಿಟ್ಟು ದಿನ ಬರುವುದುಂಟು.

ಹಿಂದೆ ಜನರು ಕೆಟ್ಟ ಗಾಳಿಯಿಂದ ಈ ರೋಗ ಬರುತ್ತದೆ ಎಂದು ನಂಬಿದ್ದರು. 1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ವೈದ್ಯರು ಆಫ್ರಿಕಾದ ಅಲ್ಜೀರಿಯಾದಲ್ಲಿ ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದರಲ್ಲಿ ಚಲಿಸುವ ಸಣ್ಣ ಜೀವಿಗಳು ಕಂಡವು. ಇವೇ ಮಲೇರಿಯಾದ ರೋಗಾಣುಗಳು. ಇವುಗಳಿಗೆ ಪ್ಲಾಸ್ಮೋಡಿಯಂ ಎಂದು ಹೆಸರು. ಭಾರತದಲ್ಲಿ ಮುಖ್ಯವಾಗಿ ಎರಡು ಬಗೆಯವು ಕಂಡುಬರುತ್ತವೆ. ಒಂದು ವೈವಾಕ್ಸ್, ಇನ್ನೊಂದು ಫಾಲ್ಸಿಪಾರಂ. ಫಾಲ್ಸಿಪಾರಂ ಹೆಚ್ಚು ಅಪಾಯಕಾರಿ. ಅದು ಮೆದುಳಿಗೂ ತೊಂದರೆ ಮಾಡಬಲ್ಲದು.

ರೋಗಾಣು ಸಿಕ್ಕಿತು. ಆದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಹೋಗುತ್ತದೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ತೆಲಂಗಾಣದ ನೆಲದಲ್ಲಿಯೇ!

ಸಿಕಂದರಾಬಾದಿನ ಟಿಪ್ಪಣಿ ಪುಸ್ತಕ

ರೊನಾಲ್ಡ್ ರಾಸ್ ಎಂಬ ವೈದ್ಯರು 1857ರಲ್ಲಿ ಉತ್ತರ ಭಾರತದ ಅಲ್ಮೋರಾದಲ್ಲಿ ಹುಟ್ಟಿದರು. 1883ರಲ್ಲಿ ಅವರು ಬೆಂಗಳೂರಿನಲ್ಲಿ ಸೈನ್ಯದ ವೈದ್ಯರಾಗಿದ್ದರು. ಅವರ ಕೋಣೆಯ ತುಂಬ ಸೊಳ್ಳೆಗಳು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವು ಹುಟ್ಟುತ್ತಿರುವುದನ್ನು ಅವರು ಗಮನಿಸಿದರು. ಆ ನೀರನ್ನು ಚೆಲ್ಲಿಸಿದಾಗ ಸೊಳ್ಳೆಗಳು ಕಡಿಮೆಯಾದವು.

1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದರು. ಸೊಳ್ಳೆಯೇ ಮಲೇರಿಯಾವನ್ನು ಹರಡುತ್ತದೆಯೇ ಎಂದು ಪರೀಕ್ಷಿಸತೊಡಗಿದರು. ರೋಗಿಗಳನ್ನು ಸೊಳ್ಳೆಗಳಿಂದ ಕಚ್ಚಿಸಿ, ಆ ಸೊಳ್ಳೆಗಳನ್ನು ಗಾಜಿನ ಸೀಸೆಯಲ್ಲಿಟ್ಟು, ಕೆಲವು ದಿನಗಳ ಮೇಲೆ ಸೀಳಿ ನೋಡುತ್ತಿದ್ದರು. ಎಷ್ಟೋ ಸೊಳ್ಳೆಗಳನ್ನು ನೋಡಿದರೂ ರೋಗಾಣು ಸಿಗಲಿಲ್ಲ. ಅವರು ನೋಡುತ್ತಿದ್ದದ್ದು ಬೇರೆ ಜಾತಿಯ ಸೊಳ್ಳೆಗಳನ್ನು. ಆದರೂ ಅವರು ಬೇಸರಪಡಲಿಲ್ಲ. ಏನೂ ಸಿಗದಿದ್ದಾಗಲೂ ಅದನ್ನು ಬರೆದಿಟ್ಟರು.

1897ರ ಆಗಸ್ಟ್ ತಿಂಗಳಿನಲ್ಲಿ ಅವರಿಗೆ ರೆಕ್ಕೆಯ ಮೇಲೆ ಚುಕ್ಕೆಗಳಿರುವ ಕಂದು ಸೊಳ್ಳೆಗಳು ದೊರೆತವು. ಹುಸೇನ್ ಖಾನ್ ಎಂಬ ರೋಗಿಯು ಆ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದನು. ಕಚ್ಚಿದ ಒಂದೊಂದು ಸೊಳ್ಳೆಗೆ ಅವನಿಗೆ ಒಂದೊಂದು ಆಣೆ ಕೊಡಲಾಯಿತು. ಆಗಸ್ಟ್ 16ರಂದು ಸೊಳ್ಳೆಗಳು ಅವನನ್ನು ಕಚ್ಚಿದವು. ಆಗಸ್ಟ್ 20ರಂದು ರಾಸ್ ಉಳಿದ ಸೊಳ್ಳೆಗಳಲ್ಲಿ ಒಂದನ್ನು ಸೀಳಿ ನೋಡಿದರು. ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಅವುಗಳ ಒಳಗೆ ಮಲೇರಿಯಾ ರೋಗಾಣುವಿನಲ್ಲಿ ಇರುವಂತಹ ಕಪ್ಪು ಕಣಗಳಿದ್ದವು. ಸೊಳ್ಳೆಯ ಗುಟ್ಟು ಬಯಲಾಯಿತು! ಮರುವರ್ಷ ಕಲ್ಕತ್ತಾದಲ್ಲಿ ಹಕ್ಕಿಗಳ ಮೇಲೆ ಪರೀಕ್ಷೆ ನಡೆಸಿ, ರೋಗಾಣುವು ಸೊಳ್ಳೆಯ ಜೊಲ್ಲಿನ ಮೂಲಕ ಹರಡುವುದನ್ನು ರಾಸ್ ತೋರಿಸಿದರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಆಗಸ್ಟ್ 20ನ್ನು ಇಂದಿಗೂ ವಿಶ್ವ ಸೊಳ್ಳೆ ದಿನವೆಂದು ಆಚರಿಸುತ್ತಾರೆ. ಹೈದರಾಬಾದಿನ ಬೇಗಂಪೇಟೆಯಲ್ಲಿ ರಾಸ್ ಅವರ ಹೆಸರಿನ ಸಂಸ್ಥೆ ಇದೆ.

ಮಕ್ಕಳೇ, ಇಲ್ಲಿ ಒಂದು ವಿಷಯ ಗಮನಿಸಿ. ರಾಸ್ ಅವರಿಗೆ ಸೂಕ್ಷ್ಮದರ್ಶಕ ಎಷ್ಟು ಮುಖ್ಯವೋ ಟಿಪ್ಪಣಿ ಪುಸ್ತಕವೂ ಅಷ್ಟೇ ಮುಖ್ಯವಾಗಿತ್ತು. ಯಾವ ಜಾತಿಯ ಸೊಳ್ಳೆ? ಯಾರನ್ನು ಕಚ್ಚಿತು? ಯಾವ ದಿನ ಕಚ್ಚಿತು? ಎಷ್ಟು ದಿನಗಳ ಮೇಲೆ ನೋಡಿದ್ದು? ಇವನ್ನು ಬರೆಯದಿದ್ದರೆ, ಗಾಜಿನ ಮೇಲೆ ಕಂಡ ಕಪ್ಪು ಕಣಗಳಿಗೆ ಏನು ಅರ್ಥ?

ಮದ್ದಿಗೆ ಬಗ್ಗದ ರೋಗಾಣು

ಸ್ವಾತಂತ್ರ್ಯ ಬಂದ ಕಾಲದಲ್ಲಿ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 7 ಕೋಟಿ 50 ಲಕ್ಷ ಜನರಿಗೆ ಮಲೇರಿಯಾ ಬರುತ್ತಿತ್ತು. ಸುಮಾರು 8 ಲಕ್ಷ ಜನರು ಸಾಯುತ್ತಿದ್ದರು. 1953ರಲ್ಲಿ ಸರಕಾರವು ಮಲೇರಿಯಾ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಮನೆಮನೆಗೆ ಔಷಧ ಸಿಂಪಡಿಸಿದರು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ರೋಗ ಹೋಯಿತೆಂದೇ ಎಲ್ಲರೂ ಭಾವಿಸಿದರು. ಆದರೆ ಅದು ಮತ್ತೆ ತಲೆಯೆತ್ತಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷವನ್ನು ದಾಟಿತು!

ಇದಕ್ಕೆ ಕಾರಣಗಳು ಹಲವು. ಸೊಳ್ಳೆಗಳು ಸಿಂಪಡಿಸಿದ ಔಷಧಕ್ಕೆ ಸಾಯದಾದವು. ಇತ್ತ ಇನ್ನೊಂದು ಅಪಾಯವೂ ಬಂದಿತ್ತು. ಕ್ಲೋರೋಕ್ವಿನ್ ಎಂಬ ಮಾತ್ರೆಯು ಆಗ ಮಲೇರಿಯಾಕ್ಕೆ ರಾಮಬಾಣವಾಗಿತ್ತು. 1973ರಲ್ಲಿ ಅಸ್ಸಾಂ ರಾಜ್ಯದ ಕಾರ್ಬಿ ಆಂಗ್ಲಾಂಗ್ ಪ್ರದೇಶದಲ್ಲಿ ಆ ಮಾತ್ರೆ ನುಂಗಿದರೂ ಫಾಲ್ಸಿಪಾರಂ ರೋಗಾಣು ಸಾಯದಿರುವುದು ಭಾರತದಲ್ಲಿ ಮೊದಲ ಬಾರಿಗೆ ಕಂಡಿತು. ಮದ್ದನ್ನು ಸಹಿಸಿಕೊಳ್ಳುವ ಈ ಶಕ್ತಿಗೆ ಔಷಧ ನಿರೋಧಕತೆ ಎಂದು ಹೆಸರು. ಮೆಲ್ಲಮೆಲ್ಲನೆ ಇಂತಹ ರೋಗಾಣು ಬೇರೆ ರಾಜ್ಯಗಳಿಗೂ ಹರಡಿತು.

ಆಮೇಲೆ ಇನ್ನೊಂದು ಒಳ್ಳೆಯ ಮದ್ದು ಬಂದಿತು. ಚೀನಾದೇಶದ ಟು ಯುಯು ಎಂಬ ವಿಜ್ಞಾನಿಯು ಮಾಚಿಪತ್ರೆಯ ಜಾತಿಗೆ ಸೇರಿದ ಒಂದು ಗಿಡದಿಂದ ಆರ್ಟಿಮಿಸಿನಿನ್ ಎಂಬ ಮದ್ದನ್ನು ಕಂಡುಹಿಡಿದರು. ಅದಕ್ಕಾಗಿ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಈ ಮದ್ದನ್ನು ಒಂಟಿಯಾಗಿ ಕೊಡಬಾರದು. ಇನ್ನೊಂದು ಮದ್ದಿನ ಜೊತೆ ಸೇರಿಸಿ ಕೊಡುತ್ತಾರೆ. ಗಾಡಿಗೆ ಜೋಡಿ ಎತ್ತುಗಳಂತೆ ಎರಡೂ ಸೇರಿ ಕೆಲಸ ಮಾಡುತ್ತವೆ. 2010ರಿಂದ ಭಾರತದಲ್ಲಿ ಫಾಲ್ಸಿಪಾರಂ ಮಲೇರಿಯಾಕ್ಕೆ ಎಲ್ಲ ಕಡೆ ಇಂತಹ ಜೋಡಿ ಮದ್ದನ್ನೇ ಕೊಡಲು ನಿರ್ಧರಿಸಲಾಯಿತು. ಆದರೆ ಈಶಾನ್ಯ ರಾಜ್ಯಗಳಲ್ಲಿ ಜೋಡಿಯ ಎರಡನೆಯ ಮದ್ದು ಸೋಲತೊಡಗಿತು. ಅಲ್ಲಿಗೆ ಮಾತ್ರ 2013ರಲ್ಲಿ ಬೇರೆ ಜೋಡಿಯನ್ನು ಗೊತ್ತುಮಾಡಿದರು.

ಒಂದು ಕ್ಷಣ ಯೋಚಿಸಿ. ಈಶಾನ್ಯದಲ್ಲಿ ಮದ್ದು ಸೋಲುತ್ತಿದೆ, ಬೇರೆ ಕಡೆ ಗೆಲ್ಲುತ್ತಿದೆ ಎಂದು ದೆಹಲಿಯಲ್ಲಿ ಕುಳಿತವರಿಗೆ ಹೇಗೆ ತಿಳಿಯಿತು? ಊರೂರಿನಿಂದ ಸರಿಯಾದ ಲೆಕ್ಕ ಬಂದದ್ದರಿಂದ ತಿಳಿಯಿತು. ಲೆಕ್ಕ ಬಾರದಿದ್ದರೆ ಅಲ್ಲಿಯ ಮಕ್ಕಳಿಗೆ ಸೋತ ಮದ್ದನ್ನೇ ಕೊಡುತ್ತಿದ್ದರು.

ರೋಗಾಣುವಿನ ಒಳಗಿನ ಬರಹ

ರೋಗಿಗಳು ಸಾಯುವವರೆಗೆ ಕಾಯದೆ, ಮದ್ದು ಸೋಲುವ ಮುನ್ಸೂಚನೆಯನ್ನು ಮೊದಲೇ ತಿಳಿಯಬಹುದೇ? ತಿಳಿಯಬಹುದು. ಅದಕ್ಕೆ ರೋಗಾಣುವಿನ ವಂಶವಾಹಿಗಳನ್ನು ಓದಬೇಕು.

ಪ್ರತಿಯೊಂದು ಜೀವಿಯ ಒಳಗೂ ಡಿ.ಎನ್.ಎ. ಎಂಬ ಉದ್ದನೆಯ ಎಳೆ ಇದೆ. ಅದು ಒಂದು ಬರಹದಂತೆ. ಕನ್ನಡಕ್ಕೆ ವರ್ಣಮಾಲೆ ಇದೆಯಲ್ಲವೇ? ಈ ಬರಹದಲ್ಲಿ ಇರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. 2002ರಲ್ಲಿ ವಿಜ್ಞಾನಿಗಳು ಫಾಲ್ಸಿಪಾರಂ ರೋಗಾಣುವಿನ ಬರಹವನ್ನು ಓದಿದರು. ಅದರಲ್ಲಿ ಸುಮಾರು 2 ಕೋಟಿ 30 ಲಕ್ಷ ಅಕ್ಷರಗಳಿವೆ. ಆ ಬರಹದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ವಾಕ್ಯವಿದ್ದಂತೆ 5 ಸಾವಿರಕ್ಕೂ ಹೆಚ್ಚು ವಂಶವಾಹಿಗಳಿವೆ.

ರೋಗಾಣು ಒಂದು ಎರಡಾಗಿ, ಎರಡು ನೂರಾಗಿ ಹೆಚ್ಚುವಾಗ ಈ ಬರಹದ ನಕಲು ಆಗುತ್ತದೆ. ನಕಲು ಮಾಡುವಾಗ ನಿಮ್ಮಂತೆಯೇ ಅದೂ ಕೆಲವೊಮ್ಮೆ ಅಕ್ಷರ ತಪ್ಪುತ್ತದೆ! ಈ ವಾಕ್ಯ ಓದಿ:

ಒಳ್ಳೆಯ ಬೆಳೆ ಬಂತು.

ಇದನ್ನು ನಕಲು ಮಾಡುವಾಗ ಒಬ್ಬನು "ಒಳ್ಳೆಯ ಬೆಲೆ ಬಂತು" ಎಂದು ಬರೆದನು. ಬದಲಾದದ್ದು ಒಂದೇ ಅಕ್ಷರ. ಆದರೆ ಅರ್ಥವೇ ಬೇರೆಯಾಯಿತು. ಬೆಳೆ ಬಂದದ್ದಕ್ಕೂ ಬೆಲೆ ಬಂದದ್ದಕ್ಕೂ ಇರುವ ಅಂತರವನ್ನು ತಾಂಡೂರಿನ ತೊಗರಿ ರೈತರನ್ನು ಕೇಳಿದರೆ ಹೇಳುವರು.

ರೋಗಾಣುವಿನಲ್ಲಿಯೂ ಹೀಗೆಯೇ. ಅನೇಕ ತಪ್ಪುಗಳಿಂದ ಏನೂ ಆಗುವುದಿಲ್ಲ. ಆದರೆ ಒಂದೊಂದು ತಪ್ಪು ರೋಗಾಣುವಿಗೆ ಮದ್ದನ್ನು ತಡೆದುಕೊಳ್ಳುವ ಶಕ್ತಿ ಕೊಡುತ್ತದೆ. ಆರ್ಟಿಮಿಸಿನಿನ್ ಮದ್ದನ್ನು ತಡೆಯುವ ಇಂತಹ ಬದಲಾವಣೆಗಳು ಕೆಲ್ಚ್-13 ಎಂಬ ವಂಶವಾಹಿಯಲ್ಲಿವೆ. ಕಾಂಬೋಡಿಯಾ ದೇಶದ ರೋಗಾಣುಗಳನ್ನು ಪರೀಕ್ಷಿಸಿ ವಿಜ್ಞಾನಿಗಳು 2014ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು.

ಇದಲ್ಲದೆ ಇನ್ನೊಂದು ಮೋಸವೂ ಇದೆ. ಆಶಾ ಕಾರ್ಯಕರ್ತೆಯರ ಬಳಿ ಬೆರಳಿನ ಹನಿ ರಕ್ತದಿಂದ ಕಾಲು ಗಂಟೆಯಲ್ಲಿ ಮಲೇರಿಯಾವನ್ನು ತೋರಿಸುವ ಪರೀಕ್ಷಾ ಪಟ್ಟಿ ಇರುತ್ತದೆ. ಹಲವು ಪಟ್ಟಿಗಳು ಫಾಲ್ಸಿಪಾರಂ ತಯಾರಿಸುವ ಒಂದು ವಸ್ತುವನ್ನು ನೋಡಿ ಗುರುತು ಹಿಡಿಯುತ್ತವೆ. ಕೆಲವು ರೋಗಾಣುಗಳಲ್ಲಿ ಆ ವಸ್ತುವಿನ ವಂಶವಾಹಿಯೇ ಇಲ್ಲ. 2010ರಲ್ಲಿ ಪೆರು ದೇಶದಿಂದ ಈ ಸುದ್ದಿ ಬಂದಿತು. ಕೆಂಪು ಅಂಗಿ ತೊಟ್ಟ ಕಳ್ಳನನ್ನು ಹಿಡಿಯಿರಿ ಎಂದರೆ, ಅಂಗಿ ಬಿಚ್ಚಿಟ್ಟ ಕಳ್ಳನು ಎದುರಿಗೇ ನಡೆದುಹೋಗುವನು! ಆದ್ದರಿಂದ ಇಂತಹ ರೋಗಾಣುಗಳ ಮೇಲೂ ಕಣ್ಣಿಡಬೇಕು.

ರಕ್ತದ ಜೊತೆ ಹೋಗುವ ಚೀಟಿ

ಈ ಪರೀಕ್ಷೆಗೆ ರೋಗಿಯ ಬೆರಳಿನಿಂದ ಒಂದೆರಡು ಹನಿ ರಕ್ತವನ್ನು ದಪ್ಪನೆಯ ಹೀರುಕಾಗದದ ಮೇಲೆ ತೆಗೆದುಕೊಳ್ಳುತ್ತಾರೆ. ಅದನ್ನು ನೆರಳಿನಲ್ಲಿ ಒಣಗಿಸಿ, ತೇವ ತಗಲದಂತೆ ಚೀಲದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ದೆಹಲಿಯ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯಂತಹ ಕಡೆಗಳಲ್ಲಿ ರೋಗಾಣುವಿನ ಬರಹವನ್ನು ಓದುತ್ತಾರೆ.

ಆದರೆ ಕಾಗದದ ಮೇಲಿನ ಕೆಂಪು ಚುಕ್ಕೆ ತಾನಾಗಿ ಮಾತನಾಡುವುದಿಲ್ಲ. ಅದರ ಜೊತೆಗಿನ ಚೀಟಿಯೇ ಅದರ ಬಾಯಿ. ಚೀಟಿಯಲ್ಲಿಯೂ ಕೊನೆಯ ವರದಿಯಲ್ಲಿಯೂ ಎಲ್ಲ ದೇಶದವರು ಒಂದೇ ಕ್ರಮದಲ್ಲಿ ಬರೆದರೆ ಮಾತ್ರ ಎಲ್ಲ ಲೆಕ್ಕಗಳನ್ನು ಕೂಡಿಸಬಹುದು. ಆ ಕ್ರಮದ ಮುಖ್ಯ ನಿಯಮಗಳು ಇವು:

1. ಎಲ್ಲಿ? ರಕ್ತ ತೆಗೆದ ಊರು, ಜಿಲ್ಲೆ ಸ್ಪಷ್ಟವಾಗಿರಬೇಕು.

2. ಯಾವಾಗ? ದಿನ, ತಿಂಗಳು, ವರ್ಷ ಮೂರೂ ಬೇಕು. 5-8 ಎಂದು ಬರೆದರೆ ನಮಗೆ ಆಗಸ್ಟ್ 5. ಅಮೆರಿಕದವರಿಗೆ ಮೇ 8!

3. ಎಷ್ಟರಲ್ಲಿ ಎಷ್ಟು? ಪರೀಕ್ಷಿಸಿದವು ಎಷ್ಟು, ಬದಲಾವಣೆ ಕಂಡವು ಎಷ್ಟು ಎಂಬ ಎರಡು ಸಂಖ್ಯೆಗಳೂ ಬೇಕು.

4. ಯಾವ ಬದಲಾವಣೆ? ಎಲ್ಲರೂ ಒಂದೇ ಹೆಸರಿನಿಂದ ಕರೆಯಬೇಕು.

5. ಹೇಗೆ? ಯಾವ ವಿಧಾನದಿಂದ ಪರೀಕ್ಷಿಸಿದರೆಂದು ಹೇಳಬೇಕು.

6. ರೋಗಿಯ ಹೆಸರು ಬೇಡ. ಹೆಸರಿನ ಬದಲು ಒಂದು ಸಂಖ್ಯೆ ಇರಬೇಕು. ಯಾರಿಗೆ ಯಾವ ರೋಗವಿದೆ ಎಂಬುದು ಅವರ ಸ್ವಂತ ವಿಷಯ. ಅದನ್ನು ಊರಿಗೆಲ್ಲ ಸಾರಬಾರದು.

ನಾಲ್ಕನೆಯ ನಿಯಮವನ್ನು ಸ್ವಲ್ಪ ಬಿಡಿಸಿ ನೋಡೋಣ. "ಒಳ್ಳೆಯ ಬೆಳೆ ಬಂತು" ಎಂಬಲ್ಲಿ ಅಕ್ಷರಗಳನ್ನು ಎಣಿಸಿ: ಒ, ಳ್ಳೆ, ಯ, ಬೆ, ಳೆ. ಐದನೆಯ ಅಕ್ಷರ "ಳೆ" ಹೋಗಿ "ಲೆ" ಬಂದಿದೆ. ಇದನ್ನು ಚಿಕ್ಕದಾಗಿ "ಳೆ5ಲೆ" ಎಂದು ಬರೆಯಬಹುದು. ಮೊದಲಿದ್ದದ್ದು, ಅದರ ಸ್ಥಾನ, ಈಗ ಇರುವುದು. ವಿಜ್ಞಾನಿಗಳೂ ಹೀಗೆಯೇ ಬರೆಯುತ್ತಾರೆ. ಡಿ.ಎನ್.ಎ.ಯ ಮೂರು ಮೂರು ಅಕ್ಷರಗಳು ಸೇರಿ ಒಂದೊಂದು ಮಣಿಯನ್ನು ಸೂಚಿಸುತ್ತವೆ. ಮಣಿಗಳನ್ನು ಪೋಣಿಸಿದರೆ ಪ್ರೋಟೀನು ಎಂಬ ಸರವಾಗುತ್ತದೆ. ಕೆಲ್ಚ್-13ರ ಸರದಲ್ಲಿ 580ನೆಯ ಜಾಗದಲ್ಲಿದ್ದ "ಸಿ" ಎಂಬ ಮಣಿ ಹೋಗಿ "ವೈ" ಎಂಬ ಮಣಿ ಬಂದರೆ ಅದು "ಸಿ580ವೈ". ಕಾಂಬೋಡಿಯಾದಲ್ಲಿ ಹರಡಿದ ಬದಲಾವಣೆ ಇದೇ.

ಎಲ್ಲರೂ ಒಂದೇ ಮೂಲಪ್ರತಿಯನ್ನು ನೋಡಿ ಎಣಿಸಬೇಕು. ಒಬ್ಬರು ಮೊದಲಿನಿಂದ, ಇನ್ನೊಬ್ಬರು ನಡುವಿನಿಂದ ಎಣಿಸಿದರೆ ಒಂದೇ ಬದಲಾವಣೆಗೆ ಎರಡು ಹೆಸರುಗಳಾಗುತ್ತವೆ. ಬರೀ "ಬದಲಾವಣೆ ಇದೆ" ಎಂದು ಬರೆದರೆ ಅದು ಅಪಾಯಕಾರಿಯೋ ಅಲ್ಲವೋ ತಿಳಿಯುವುದಿಲ್ಲ.

ಸೊನ್ನೆಯೂ ಸುದ್ದಿಯೇ

ಈಗ ಮೂರು ಚೀಟಿಗಳನ್ನು ನೋಡೋಣ. ಇವು ಕಲಿಯುವುದಕ್ಕಾಗಿ ಮಾಡಿಕೊಂಡ ಉದಾಹರಣೆಗಳು, ನಿಜವಾದ ಲೆಕ್ಕವಲ್ಲ.

ಮೊದಲನೆಯ ಚೀಟಿ: ಜಹೀರಾಬಾದ್. ಬದಲಾವಣೆ ಕಂಡದ್ದು 3.

ಎರಡನೆಯ ಚೀಟಿ: ನಾರಾಯಣಖೇಡ್. 2024ರ ಆಗಸ್ಟ್. ಸಿ580ವೈ ಇದೆಯೇ ಎಂದು ಪರೀಕ್ಷಿಸಿದ್ದು 50. ಬದಲಾವಣೆ ಕಂಡದ್ದು 0.

ಮೂರನೆಯ ಚೀಟಿ: ತಾಂಡೂರು. 2024ರ ಆಗಸ್ಟ್. ಉಳಿದ ಜಾಗ ಖಾಲಿ.

ಇವುಗಳಲ್ಲಿ ಯಾವ ಚೀಟಿ ಹೆಚ್ಚು ಉಪಯುಕ್ತ? ಹಲವರು ಮೊದಲನೆಯದು ಎನ್ನಬಹುದು. ಅದರಲ್ಲಿ ಏನೋ ಕಂಡಿದೆಯಲ್ಲ! ಆದರೆ ಎಷ್ಟರಲ್ಲಿ 3? ಹತ್ತರಲ್ಲಿ ಮೂರಾದರೆ ಭಯಪಡಬೇಕು. ಸಾವಿರದಲ್ಲಿ ಮೂರಾದರೆ ಎಚ್ಚರದಿಂದಿರಬೇಕು. ಯಾವ ವರ್ಷದ್ದು, ಯಾವ ಬದಲಾವಣೆ ಎಂಬುದೂ ಇಲ್ಲ. ಎರಡನೆಯ ಚೀಟಿಯಲ್ಲಿ ಸೊನ್ನೆ ಇದ್ದರೂ ಅದು ಪೂರ್ಣವಾದ ಸುದ್ದಿ. 50 ಕಡೆ ಹುಡುಕಿದರು, ಸಿಗಲಿಲ್ಲ. ಮೂರನೆಯದು ಖಾಲಿ. ಅಲ್ಲಿ ಹುಡುಕಿದರೋ ಇಲ್ಲವೋ ಗೊತ್ತಿಲ್ಲ.

ಪರೀಕ್ಷೆಯಲ್ಲಿ ಸೊನ್ನೆ ಅಂಕ ಬಂದವನೂ ಪರೀಕ್ಷೆಗೇ ಬಾರದವನೂ ಒಂದೇ ಅಲ್ಲ. ಹಾಗೆಯೇ "ಸೊನ್ನೆ" ಬೇರೆ, "ಖಾಲಿ" ಬೇರೆ. ಖಾಲಿ ಜಾಗವನ್ನು ಸೊನ್ನೆ ಎಂದು ಓದಿದರೆ, ರೋಗಾಣು ಇರುವ ಊರನ್ನು ಇಲ್ಲದ ಊರೆಂದು ತಿಳಿದು ಮೋಸಹೋಗುತ್ತೇವೆ. ಸಿಕಂದರಾಬಾದಿನಲ್ಲಿ ರಾಸ್ ಅವರು ಏನೂ ಸಿಗದ ಸೊಳ್ಳೆಗಳನ್ನೂ ಏಕೆ ಬರೆದಿಟ್ಟರೆಂದು ಈಗ ತಿಳಿಯಿತೇ?

ನಿಜವಾಗಿ ನಡೆದ ಒಂದು ಸಂಗತಿಯನ್ನೂ ಕೇಳಿ. ಆಫ್ರಿಕಾದಲ್ಲಿ ರುವಾಂಡಾ ಎಂಬ ಪುಟ್ಟ ದೇಶವಿದೆ. ಅಲ್ಲಿ 2012ರಿಂದ 2015ರವರೆಗೆ ತೆಗೆದಿಟ್ಟಿದ್ದ ರಕ್ತದ ಮಾದರಿಗಳನ್ನು ವಿಜ್ಞಾನಿಗಳು ಓದಿದರು. ಮಸಾಕಾ ಎಂಬ ಸ್ಥಳದ 257 ರೋಗಿಗಳಲ್ಲಿ 19 ಜನರ ರೋಗಾಣುವಿನಲ್ಲಿ ಕೆಲ್ಚ್-13ರ "ಆರ್561ಎಚ್" ಎಂಬ ಬದಲಾವಣೆ ಕಂಡಿತು. 2020ರಲ್ಲಿ ಈ ವಿಷಯ ಪ್ರಕಟವಾಯಿತು. ಈ ಒಂದು ವಾಕ್ಯದಲ್ಲಿ ಸ್ಥಳ, ವರ್ಷ, ಎರಡು ಸಂಖ್ಯೆ, ಬದಲಾವಣೆಯ ಹೆಸರು ಎಲ್ಲವೂ ಇವೆ. ಆದ್ದರಿಂದಲೇ ಇಡೀ ಆಫ್ರಿಕಾ ಎಚ್ಚೆತ್ತುಕೊಂಡಿತು. ಎಚ್ಚೆತ್ತುಕೊಳ್ಳಲೇಬೇಕಾಗಿತ್ತು. ಏಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸುಮಾರು 5 ಲಕ್ಷ 97 ಸಾವಿರ ಜನರು ಸತ್ತರು. ಅವರಲ್ಲಿ ಹೆಚ್ಚಿನವರು ಆಫ್ರಿಕಾದ ಪುಟ್ಟ ಮಕ್ಕಳು, ನಿಮ್ಮ ತಮ್ಮ ತಂಗಿಯರ ವಯಸ್ಸಿನವರು.

ಗಡಿಯ ಊರುಗಳ ಲೆಕ್ಕ

ನಾವು ಗಡಿಯಲ್ಲಿ ಇರುವವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಉರ್ದು. ಜಹೀರಾಬಾದಿನವರಿಗೆ ಬೀದರ ಹತ್ತಿರ. ತಾಂಡೂರಿನವರು ಸೇಡಂ, ಕಲಬುರಗಿಗೆ ಹೋಗಿಬರುವರು. ನಮ್ಮಂತಹ ಊರುಗಳಲ್ಲಿ ಚೀಟಿ ಬರೆಯುವಾಗ ಹೆಚ್ಚು ಎಚ್ಚರ ಬೇಕು.

ಮೊದಲನೆಯದು, ಊರಿನ ಹೆಸರು. ಜಹೀರಾಬಾದ್, ಜಹಿರಾಬಾದ್, ಜಾಹೀರಾಬಾದ ಎಂದು ಮೂವರು ಮೂರು ರೀತಿ ಬರೆದರೆ ನಮಗೆ ಅರ್ಥವಾಗುತ್ತದೆ. ಆದರೆ ಗಣಕಯಂತ್ರವು ಅವನ್ನು ಮೂರು ಬೇರೆ ಊರುಗಳೆಂದು ಎಣಿಸುತ್ತದೆ!

ಎರಡನೆಯದು, ಜಿಲ್ಲೆಯ ಹೆಸರು. 2016ಕ್ಕೆ ಮೊದಲು ಜಹೀರಾಬಾದ್ ಮತ್ತು ನಾರಾಯಣಖೇಡ್ ಮೆದಕ್ ಜಿಲ್ಲೆಯಲ್ಲಿದ್ದವು. ಈಗ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ತಾಂಡೂರು ರಂಗಾರೆಡ್ಡಿ ಜಿಲ್ಲೆಯಲ್ಲಿತ್ತು, ಈಗ ವಿಕಾರಾಬಾದ್ ಜಿಲ್ಲೆಯಲ್ಲಿದೆ. ಹಳೆಯ ಚೀಟಿಯನ್ನೂ ಹೊಸ ಚೀಟಿಯನ್ನೂ ಕೂಡಿಸುವಾಗ ಇದನ್ನು ಮರೆಯಬಾರದು. ಇದಕ್ಕಾಗಿಯೇ ಊರಿನ ಹೆಸರಿನ ಜೊತೆ ಅಕ್ಷಾಂಶ ರೇಖಾಂಶಗಳನ್ನೂ ಬರೆಯುವರು. ಜಹೀರಾಬಾದ್ ಸುಮಾರು 17.7 ಡಿಗ್ರಿ ಉತ್ತರ ಅಕ್ಷಾಂಶ, 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಈ ಸಂಖ್ಯೆಗಳು ಬದಲಾಗುವುದಿಲ್ಲ.

ಮೂರನೆಯದು, ರೋಗಿಯ ಪ್ರಯಾಣ. ತಾಂಡೂರಿನ ಒಬ್ಬ ಕೂಲಿಯವನು ಕಟ್ಟಡದ ಕೆಲಸಕ್ಕೆಂದು ಮಂಗಳೂರಿಗೆ ಹೋದನೆನ್ನಿ. ಮರಳಿ ಬರುವಾಗ ಜ್ವರ ಬಂದು ಕಲಬುರಗಿಯ ದವಾಖಾನೆಯಲ್ಲಿ ರಕ್ತ ಕೊಟ್ಟನು. ರೋಗಾಣು ಯಾವ ಊರಿನದು? ಕಲಬುರಗಿಯದೇ? ತಾಂಡೂರಿನದೇ? ಬಹುಶಃ ಮಂಗಳೂರಿನದು. ಆದ್ದರಿಂದ ರಕ್ತ ತೆಗೆದ ಊರನ್ನೂ ರೋಗಿಯು ಹೋಗಿಬಂದ ಊರುಗಳನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಇಲ್ಲವಾದರೆ ಸೊಳ್ಳೆ ಒಂದು ಊರಿನಲ್ಲಿ, ಮದ್ದು ಸಿಂಪಡಿಸುವುದು ಇನ್ನೊಂದು ಊರಿನಲ್ಲಿ ಆಗುವುದು!

ಕರ್ನಾಟಕದಲ್ಲಿ ಮಲೇರಿಯಾ ಹೆಚ್ಚಾಗಿ ಕಾಣುತ್ತಿದ್ದ ಊರುಗಳಲ್ಲಿ ಮಂಗಳೂರು ಒಂದು. ಅಲ್ಲಿ 2015ರ ಅಕ್ಟೋಬರಿನಿಂದ ಆರೋಗ್ಯ ಕಾರ್ಯಕರ್ತರು ಕೈಯಲ್ಲಿ ಹಿಡಿಯುವ ಪುಟ್ಟ ಗಣಕಯಂತ್ರವನ್ನು ಬಳಸತೊಡಗಿದರು. ರೋಗಿ ಇರುವ ಸ್ಥಳವು ಅದರ ನಕ್ಷೆಯಲ್ಲಿ ಗುರುತಾಗುತ್ತಿತ್ತು. ಕಾರ್ಯಕರ್ತರು ಅಲ್ಲಿಗೆ ಹೋಗಿ ಸುತ್ತಲಿನ ಮನೆಯವರ ರಕ್ತ ಪರೀಕ್ಷಿಸಿ, ಸೊಳ್ಳೆ ಹುಟ್ಟುವ ಜಾಗಗಳನ್ನು ಹುಡುಕುತ್ತಿದ್ದರು. ಮುಂದಿನ ವರ್ಷಗಳಲ್ಲಿ ಮಂಗಳೂರಿನಲ್ಲಿ ರೋಗಿಗಳ ಸಂಖ್ಯೆ ಬಹಳ ಇಳಿಯಿತು. ಊರು ಮತ್ತು ದಿನವನ್ನು ಸರಿಯಾಗಿ ಬರೆದರೆ ಎಷ್ಟು ಪ್ರಯೋಜನವೆಂದು ಇದರಿಂದ ತಿಳಿಯುತ್ತದೆ.

ನಮ್ಮ ಕರ್ತವ್ಯ

2030ರೊಳಗೆ ಭಾರತವನ್ನು ಮಲೇರಿಯಾ ಮುಕ್ತ ಮಾಡಬೇಕೆಂದು ಸರಕಾರವು ಗುರಿ ಇಟ್ಟುಕೊಂಡಿದೆ. ಈ ಕೆಲಸದಲ್ಲಿ ನಮಗೂ ಪಾಲಿದೆ.

ಚಳಿಜ್ವರ ಬಂದರೆ ಸುಮ್ಮನೆ ಅಂಗಡಿಯ ಮಾತ್ರೆ ನುಂಗಬಾರದು. ಸರಕಾರಿ ದವಾಖಾನೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ವೈದ್ಯರು ಹೇಳಿದಷ್ಟು ದಿನ ಮಾತ್ರೆಯನ್ನು ಪೂರ್ತಿಯಾಗಿ ನುಂಗಬೇಕು. ವೈವಾಕ್ಸ್ ಆದರೆ ಒಂದು ಮಾತ್ರೆಯನ್ನು 14 ದಿನ ನುಂಗಬೇಕಾಗುತ್ತದೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬಾರದು. ನಿಲ್ಲಿಸಿದರೆ ರೋಗಾಣು ಪೂರ್ತಿ ಸಾಯದೆ ರೋಗ ಮರಳಬಹುದು.

ಮನೆಯ ತೊಟ್ಟಿ, ಹಳೆಯ ಟೈರು, ಕಲ್ಲುಗಣಿಯ ಗುಂಡಿಗಳಲ್ಲಿ ನೀರು ನಿಂತರೆ ಸೊಳ್ಳೆ ಹುಟ್ಟುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ಒಣಗಿಸಬೇಕು. ರಾತ್ರಿ ಸೊಳ್ಳೆಪರದೆಯಲ್ಲಿ ಮಲಗಬೇಕು.

ಆರೋಗ್ಯ ಕಾರ್ಯಕರ್ತೆಯು ಮನೆಗೆ ಬಂದು "ಯಾವ ಊರಿಗೆ ಹೋಗಿದ್ದಿರಿ? ಜ್ವರ ಎಂದಿನಿಂದ?" ಎಂದು ಕೇಳಿದರೆ ಬೇಸರಪಡದೆ ಸರಿಯಾಗಿ ಹೇಳಬೇಕು. ಮನೆಯಲ್ಲಿ ಅಜ್ಜ ಅಜ್ಜಿಗೆ ತೆಲುಗು ಬಾರದಿದ್ದರೆ ನೀವೇ ಮುಂದೆ ನಿಂತು ತಿಳಿಸಿ ಹೇಳಬೇಕು. ನೀವು ಹೇಳಿದ ಊರು, ನೀವು ಹೇಳಿದ ದಿನ ಅವರ ಚೀಟಿಯಲ್ಲಿ ಸೇರುತ್ತದೆ. ಆ ಚೀಟಿ ಹನಿ ರಕ್ತದ ಜೊತೆ ದೂರದ ಪ್ರಯೋಗಾಲಯಕ್ಕೆ ಹೋಗುತ್ತದೆ. ಮುಂದೊಂದು ದಿನ ನಿಮ್ಮ ಊರಿನ ಮಗುವಿಗೆ ಯಾವ ಮಾತ್ರೆ ಕೊಡಬೇಕೆಂದು ಅದೇ ಹೇಳುತ್ತದೆ.

ಅಭ್ಯಾಸ

ಅ) ಪದಗಳ ಅರ್ಥ
ಗೈರುಹಾಜರು = ಬಾರದಿರುವುದು
ಸೂಕ್ಷ್ಮದರ್ಶಕ = ಬರಿಗಣ್ಣಿಗೆ ಕಾಣದ ವಸ್ತುಗಳನ್ನು ದೊಡ್ಡದಾಗಿ ತೋರಿಸುವ ಸಾಧನ
ಆಣೆ = ಹಳೆಯ ನಾಣ್ಯ, ರೂಪಾಯಿಯ ಹದಿನಾರನೆಯ ಒಂದು ಭಾಗ
ವಂಶವಾಹಿ = ತಾಯಿತಂದೆಯರ ಗುಣಗಳನ್ನು ಮರಿಗಳಿಗೆ ಸಾಗಿಸುವ ಅಂಶ
ದವಾಖಾನೆ = ಆಸ್ಪತ್ರೆ

ಆ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮಲೇರಿಯಾದ ರೋಗಾಣುವನ್ನು ಮೊದಲು ಕಂಡವರು ಯಾರು?
2. ಆಗಸ್ಟ್ 20ನ್ನು ಯಾವ ದಿನವೆಂದು ಆಚರಿಸುತ್ತಾರೆ?
3. ಚೀಟಿಯಲ್ಲಿ ರೋಗಿಯ ಹೆಸರನ್ನು ಏಕೆ ಬರೆಯಬಾರದು?

ಇ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ರಾಸ್ ಅವರಿಗೆ ಟಿಪ್ಪಣಿ ಪುಸ್ತಕ ಏಕೆ ಮುಖ್ಯವಾಗಿತ್ತು?
2. "ಸೊನ್ನೆ ಬೇರೆ, ಖಾಲಿ ಬೇರೆ." ಉದಾಹರಣೆಯೊಡನೆ ವಿವರಿಸಿರಿ.
3. ಗಡಿಯ ಊರುಗಳಲ್ಲಿ ಚೀಟಿ ಬರೆಯುವಾಗ ಏಕೆ ಹೆಚ್ಚು ಎಚ್ಚರ ಬೇಕು?

ಈ) ಒಂದು ಅಕ್ಷರ ಬದಲಾದರೆ ಅರ್ಥ ಬದಲಾಗುವುದನ್ನು ಗಮನಿಸಿ, ಸ್ವಂತ ವಾಕ್ಯದಲ್ಲಿ ಬಳಸಿರಿ.
ಹಾಲು – ಹಾಳು, ಕಲೆ – ಕಳೆ, ತಲೆ – ತಳೆ

ಉ) ಮಾಡಿ ನೋಡಿರಿ.
ಒಂದು ವಾರ ನಿಮ್ಮ ಶಾಲೆಯ ಪ್ರತಿಯೊಂದು ತರಗತಿಯ ಹಾಜರಿಯನ್ನು ಬರೆಯಿರಿ. ದಿನಾಂಕ, ತರಗತಿ, ಒಟ್ಟು ಮಕ್ಕಳು, ಬಾರದವರು ಎಂದು ನಾಲ್ಕು ಕಲಂ ಮಾಡಿರಿ. ಎಲ್ಲರೂ ಬಂದ ದಿನ 0 ಎಂದು ಬರೆಯಿರಿ. ರಜೆಯ ದಿನ ಏನು ಬರೆಯಬೇಕೆಂದು ಗೆಳೆಯರೊಡನೆ ಚರ್ಚಿಸಿರಿ.